ಮೊಟ್ಟೆರಾಯರ ನಾಲ್ಕನೇ ಬೆಲ್ಲು

ಮೊಟ್ಟೆರಾಯರು ಎಂದ ತಕ್ಷಣ ಯಾವುದೋ ದೊಡ್ಡ ಮನೆತನದವರು ಎಂದುಕೊಳ್ಳಬೇಡಿ. ಬೆಟ್ಟದ ನೆತ್ತಿಯ ಮೇಲಿರುವ ಕೋಳಿ ಫಾರಂನಿಂದ ಕೆಳಗಿನ ಪೇಟೆಯ ಬೇಕರಿಗಳಿಗೆ ಸೈಕಲ್ಲಿನ ಮೇಲೆ ಮೊಟ್ಟೆ ಸಾಗಿಸುವುದು ಅವರ ಕೆಲಸ. ‘ರಾಯರು’ ಎಂಬ ಬಾಲವನ್ನು ಅಂಟಿಸಿದವನು ಬೇಕರಿಯವನೊಬ್ಬ. ಮುನ್ನೂರ ಅರವತ್ತು ಮೊಟ್ಟೆಗಳನ್ನು ಹಿಂದೆ ಕಟ್ಟಿಕೊಂಡು, ಬಸ್ಸು ಲಾರಿಗಳ ಸಂದಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ, ಆಚೆ ಈಚೆ ತಿರುಗಿಯೂ ನೋಡದೆ ಬರುತ್ತಿದ್ದ ಅವರ ಠೀವಿಯನ್ನು ಕಂಡು, “ರಾಯರು ಬಂದ್ರು, ಎಲ್ಲ ಎದ್ದು ನಿಲ್ಲಿ” ಎಂದನಂತೆ. ತಮಾಷೆಗೆ ಅಂದದ್ದು ಹೆಸರಾಗಿ ಕೂತುಬಿಟ್ಟಿತು. ಅವರ ಅಸಲು ಹೆಸರು ಈಗ ಸ್ವಂತ ಹೆಂಡತಿಗೂ ಯಾವುದಾದರೂ ಅರ್ಜಿ ತುಂಬುವಾಗಷ್ಟೇ ನೆನಪಾಗುವುದು.

ಅದು ಠೀವಿಯಲ್ಲ, ಲೋಡಿನ ಕಟ್ಟುಪಾಡು ಎಂದು ಆ ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಟ್ರೇಗೆ ಮೂವತ್ತು ಮೊಟ್ಟೆ, ಒಂದರ ಮೇಲೊಂದು ಹನ್ನೆರಡು ಟ್ರೇ, ಅದರ ಸುತ್ತ ಹಳೆಯ ಟ್ಯೂಬನ್ನು ಸೀಳಿದ ರಬ್ಬರ್ ಪಟ್ಟಿ. ಕತ್ತು ತಿರುಗಿಸಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಹ್ಯಾಂಡಲ್ ತಿರುಗುತ್ತದೆ, ಹ್ಯಾಂಡಲ್ ಒಂದು ಬೆರಳು ಸರಿದರೆ ಹಿಂದೆ ಟ್ರೇಗಳು ಒಂದು ಗೇಣು ಸರಿಯುತ್ತವೆ. ಆದ್ದರಿಂದ ರಾಯರು ಹಿಂದಕ್ಕೆ ನೋಡುತ್ತಿರಲಿಲ್ಲ. ಮಗಳು ಒಮ್ಮೆ, “ಅಪ್ಪ, ಒಂದು ಕನ್ನಡಿ ಹಾಕಿಸ್ಕೋಬಾರದಾ?” ಎಂದಾಗ, “ಹಾಕಿಸಿದ್ದೆ ಕಣಮ್ಮ, ಅದರಲ್ಲಿ ಬರೀ ಮೊಟ್ಟೆ ಕಾಣಿಸ್ತಿತ್ತು” ಎಂದಿದ್ದರು.

ಹಾಗಾದರೆ ಹಿಂದಿನಿಂದ ಬರುವ ವಾಹನ ಗೊತ್ತಾಗುವುದು ಹೇಗೆ? ಕಿವಿಯಿಂದ. ಖಾಲಿ ಲಾರಿಯಾದರೆ ಹಿಂಬಾಗಿಲ ಸರಪಳಿ ಗಲಗಲ ಅನ್ನುತ್ತದೆ, ತುಂಬಿದ ಲಾರಿಯಾದರೆ ಇಂಜಿನ್ನು ಮುಲುಕುತ್ತದೆ, ಬಸ್ಸಾದರೆ ಬ್ರೇಕು ಉಸಿರು ಬಿಡುತ್ತದೆ, ಮೋಟಾರ್ ಸೈಕಲ್ಲಾದರೆ ಅದರ ಮೇಲೆ ಕೂತವನ ವಯಸ್ಸನ್ನೂ ಹೇಳಬಹುದು ಎನ್ನುತ್ತಿದ್ದರು ರಾಯರು. ಹಿಂದಿರುವುದು ಏನು, ಎಷ್ಟು ದೂರ, ಯಾವ ಪಕ್ಕಕ್ಕೆ ನುಗ್ಗುತ್ತದೆ ಎಂಬುದೆಲ್ಲ ಕಿವಿಗೆ ಬಂದು ಬೀಳುತ್ತಿತ್ತು. ಅವರು ಒಂದು ಬೆರಳು ಸರಿದು ದಾರಿ ಕೊಡುತ್ತಿದ್ದರು, ಅಷ್ಟೇ. ಮೂವತ್ತೊಂದು ವರ್ಷ ಈ ಕಿವಿಗಳ ಮೇಲೆ ಜೀವ ಇಟ್ಟುಕೊಂಡು ಓಡಾಡಿದವರು ಅವರು.

ಬೆಟ್ಟದ ರಸ್ತೆಯಾದರೂ ಎಂಥದ್ದು! ಇಳಿಯುವಾಗ ಮೂಗು ಮುಂದಿನ ಚಕ್ರಕ್ಕೆ ತಾಗುತ್ತದೇನೋ ಅನ್ನುವಷ್ಟು ಕಡಿದು. ನಡುವೆ ಒಂದು ತಿರುವು, ಮಡಿಸಿದ ಮೊಣಕೈಯ ಹಾಗೆ, ಅದಕ್ಕೇ ಅದು ಮೊಣಕೈ ತಿರುವು. ಅಲ್ಲಿ ಬ್ರೇಕು ಸಾಲದೆ ರಾಯರು ಎಡಗಾಲನ್ನು ನೆಲಕ್ಕೆ ಉಜ್ಜುತ್ತಾ ತಿರುಗಿಸುತ್ತಿದ್ದರು. ಅವರ ಎಡಗಾಲಿನ ಬೂಟು ಮೂರು ತಿಂಗಳಿಗೊಮ್ಮೆ ಸವೆದು ಟೈರಿನ ತುಂಡಿನ ಹೊಸ ಅಟ್ಟೆ ಕೇಳುತ್ತಿತ್ತು. ಬಲಗಾಲಿನದು ಮಾತ್ರ ಮದುವೆಮನೆಗೆ ಹೊರಟಂತೆ ಹೊಸದಾಗಿಯೇ ಇರುತ್ತಿತ್ತು. ಪ್ರಾಯದಲ್ಲಿ ಹತ್ತುವಾಗಲೂ ಕಡಿಮೆ ಕಪಿಚೇಷ್ಟೆ ಮಾಡಿದವರಲ್ಲ. ಲಾರಿಯ ಹಿಂದಿನ ಸರಪಳಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಕಾಲು ಆಡಿಸದೆ ಬೆಟ್ಟ ಹತ್ತುತ್ತಿದ್ದರು. ಮಗಳು ಹುಟ್ಟಿದ ದಿನ ಹೆಂಡತಿ ಬಾಣಂತಿ ಹಾಸಿಗೆಯಿಂದಲೇ ಆಣೆ ಹಾಕಿಸಿಕೊಂಡು ಅದನ್ನು ಬಿಡಿಸಿದಳು. ಇಳಿಯುವುದನ್ನು ಮಾತ್ರ ಬಿಡಿಸಲಾಗಲಿಲ್ಲ, ಯಾಕೆಂದರೆ ಇಳಿಯುವುದೇ ಅನ್ನ.

ಈ ಹೆಂಡತಿಯನ್ನು ಬೀದಿಯವರು ಇಸ್ತ್ರಿಯಮ್ಮ ಎನ್ನುತ್ತಿದ್ದರು. ಬೆಟ್ಟದ ಬುಡದಲ್ಲಿ, ಮೊಣಕೈ ತಿರುವಿನ ನೇರ ಕೆಳಗೆ ಅವರ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅವಳ ಇಸ್ತ್ರಿ ಮೇಜು, ಅದರಾಚೆ ಅಡುಗೆಮೂಲೆ, ಅಲ್ಲೊಂದು ಕಿಟಕಿ. ಮದುವೆಯಾದ ಮೊದಲ ವಾರ ಅವಳು ಆ ಕಿಟಕಿಯಲ್ಲಿ ನಿಂತು, ಗಂಡ ತಿರುವಿನಲ್ಲಿ ಮಗ್ಗುಲಾಗುವುದನ್ನು ಕಂಡು ಕೈಯಲ್ಲಿದ್ದ ಚೊಂಬು ಬಿಟ್ಟಿದ್ದಳು. ಅವತ್ತು ಮಧ್ಯಾಹ್ನ ಅವಳ ಅಳು ನೋಡಲಾಗದೆ ರಾಯರೇ ಒಂದು ಏರ್ಪಾಡು ಹೇಳಿದರು.

“ನೋಡೇ, ನೀನು ಕಿಟಕಿಗೆ ಬರಲೇಬೇಡ. ತಿರುವು ದಾಟಿದ ಮೇಲೆ ಮೂರು ಬೆಲ್ಲು ಹೊಡೀತೀನಿ. ಗಂಡ ಬದುಕಿದ್ದಾನೆ, ಚಹಾಕ್ಕೆ ಇಡಬಹುದು ಅಂತ ಅರ್ಥ.”

“ನನಗೆ ಕೇಳಿಸ್ತು ಅಂತ ನಿಮಗೆ ಹೇಗೆ ಗೊತ್ತಾಗಬೇಕು?”

ರಾಯರು ತಲೆ ಕೆರೆದುಕೊಂಡರು. ಅವಳೇ ಮೊಳೆಯಿಂದ ಕಬ್ಬಿಣದ ಬಾಣಲೆ ತೆಗೆದು ಸೌಟಿನಿಂದ ಎರಡು ಏಟು ಹೊಡೆದಳು. ಠಣ್, ಠಣ್. ಬೆಟ್ಟಕ್ಕೆ ತಾಗಿ ಅದು ವಾಪಸು ಬಂತು. “ಭೇಷ್. ಅದು ಕೇಳಿಸ್ತು ಅನ್ನೋದಕ್ಕೆ ನಾನು ಇನ್ನೊಂದು ಬೆಲ್ಲು ಹೊಡೀತೀನಿ, ಅಲ್ಲಿಗೆ ಸಾಕು. ಇಲ್ಲದಿದ್ರೆ ನಾವಿಬ್ಬರೂ ಸಾಯಂಕಾಲದವರೆಗೂ ಹೊಡೀತಾ ಇರಬೇಕಾಗುತ್ತೆ” ಎಂದರು ರಾಯರು.

ಹೀಗೆ ಅವರದು ಮೂರು, ಅವಳದು ಎರಡು, ಮತ್ತೆ ಅವರದು ಒಂದು. ಮೂವತ್ತೊಂದು ವರ್ಷ, ಕೆಲಸವಿದ್ದ ಪ್ರತಿ ದಿನ. ಜ್ವರ ಬಂದಾಗಲೂ ಅವಳು ಎದ್ದು ಬಾಣಲೆ ಬಡಿದಿದ್ದಾಳೆ. ಹೊಡೆದ ಮೇಲೆ ಬಾಣಲೆಯನ್ನು ಕಿಟಕಿಕಟ್ಟೆಯ ಮೇಲೆ ಇಡುವುದು, ಗಂಡ ಬಂದು ಚಹಾ ಕುಡಿದು ದೊಡ್ಡ ರಸ್ತೆಗೆ ಹೊರಟ ಮೇಲೆ ತೊಳೆದು ಮೊಳೆಗೆ ಹಾಕುವುದು ಅವಳ ರೂಢಿ. ಅಕ್ಕಪಕ್ಕದವರು ಆ ಸದ್ದಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಆ ನಾಲ್ಕನೇ ಬೆಲ್ಲು ಕಿವಿಗೆ ಬೀಳುವವರೆಗೂ ಇಸ್ತ್ರಿಯಮ್ಮನ ಜೀವ ಜೀವದಲ್ಲಿ ಇರುತ್ತಿರಲಿಲ್ಲ. ಇದನ್ನು ಅವಳು ಗಂಡನಿಗೆ ಯಾವತ್ತೂ ಹೇಳಿದವಳಲ್ಲ. ಹೇಳಿದ್ದರೆ ಅವರಿಗೆ ಇನ್ನಷ್ಟು ಕೊಬ್ಬು ಬರುತ್ತಿತ್ತು.

ಇನ್ನು ಈ ವರ್ಷದ ಮಾತಿಗೆ ಬರುತ್ತೇನೆ. ರಾಯರಿಗೆ ಐವತ್ತೊಂಬತ್ತು ತುಂಬಿತು, ಅದರ ಜೊತೆಗೇ ಅವರಿಗೊಂದು ಒಳ್ಳೆಯ ಗುಣ ಬಂತು. ಏನು ಹೇಳಿದರೂ “ಆಯ್ತು” ಎನ್ನತೊಡಗಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದ್ದ ಮನುಷ್ಯ! ಸೋಪು ತನ್ನಿ ಎಂದರೆ ಆಯ್ತು. ಕೊಡೆ ರಿಪೇರಿ ಮಾಡಿಸಿ ಎಂದರೆ ಆಯ್ತು. ಸೋಪು ಬರುತ್ತಿರಲಿಲ್ಲ, ಕೊಡೆ ಮೂಲೆಯಲ್ಲೇ ಇರುತ್ತಿತ್ತು, ಆದರೆ ಎದುರು ಮಾತಂತೂ ಇರಲಿಲ್ಲ. ‘ಕೊನೆಗಾಲಕ್ಕಾದರೂ ಬುದ್ಧಿ ಬಂತಲ್ಲ’ ಎಂದು ಇಸ್ತ್ರಿಯಮ್ಮ ಮಗಳ ಹತ್ತಿರ ಹೇಳಿಕೊಂಡು ನಕ್ಕಿದ್ದಳು.

ಇನ್ನೊಂದು ಸಣ್ಣ ಸಂಗತಿಯೂ ಇತ್ತು, ಅವಳು ಅದನ್ನು ಕಂಡೂ ಕಾಣದಂತಿದ್ದಳು. ಒಂದು ಬೆಳಿಗ್ಗೆ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆಯಿತ್ತು, ಅದನ್ನಿಟ್ಟು ಹೋಗಿ ಬಾಣಲೆ ತೆಗೆಯುವಷ್ಟರಲ್ಲಿ ತಡವಾಯಿತು. ಅವಳು ಸೌಟು ಎತ್ತುವ ಮೊದಲೇ ನಾಲ್ಕನೇ ಬೆಲ್ಲು ಬಂದುಬಿಟ್ಟಿತು. ‘ಎಷ್ಟು ಅವಸರ ಇವರಿಗೆ’ ಎಂದುಕೊಂಡು ಬಾಣಲೆಯನ್ನು ಕಿಟಕಿಕಟ್ಟೆಯ ಮೇಲಿಟ್ಟು ಸುಮ್ಮನಾದಳು.

ಒಂದು ಭಾನುವಾರ ಮಗಳು ಮನೆ ಬದಲಿಸುವುದಿತ್ತು. ಅಳಿಯನಿಗೆ ಬೆನ್ನುನೋವು. ಅಪ್ಪ ಹತ್ತು ಗಂಟೆಗೆ ಬಂದು ಮಂಚ, ಬೀರು ಹಿಡಿಯಬೇಕೆಂದು ಗುರುವಾರವೇ ಇಸ್ತ್ರಿಯಮ್ಮ ಹೇಳಿದ್ದಳು. ರಾಯರು ಬೂಟಿನ ದಾರ ಕಟ್ಟುತ್ತಾ “ಆಯ್ತು” ಎಂದಿದ್ದರು. ಭಾನುವಾರ ಅವಳು ಬೆಳಿಗ್ಗೆಯೇ ಮಗಳ ಮನೆಗೆ ಹೋಗಿ ಕಾದಳು. ಹನ್ನೊಂದಾಯಿತು, ಹನ್ನೆರಡಾಯಿತು. ಬೀರು ಅರ್ಧ ಬಾಗಿಲೊಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿತು. ಮಗಳು ಅದರ ಆಚೆ ಕೂತು, “ಅಪ್ಪನಿಗೆ ನಾನು ಬೇಡವಾದೆ” ಎಂದು ಕಣ್ಣೊರೆಸಿಕೊಂಡಳು. ಸಂಜೆ ಇಸ್ತ್ರಿಯಮ್ಮ ಮನೆಗೆ ಬಂದು ನೋಡಿದರೆ ರಾಯರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. “ಎಲ್ಲಿಗೆ ಹೋಗಿದ್ದೆ?” ಎಂದು ಅವರೇ ಕೇಳಿದರು.

ಅವಳಿಗೆ ಮೈಯೆಲ್ಲ ಉರಿಯಿತು. ಬೈಯಲಿಲ್ಲ, ಬೈದರೆ ಆರಿಹೋಗುವಂಥ ಕೋಪವಲ್ಲ ಅದು. ಬಾಯಿಗೆ ಬೀಗ ಹಾಕಿಕೊಂಡು, ಮುಖ ಊದಿಸಿಕೊಂಡು ಮಲಗಿದಳು. ಸೋಮವಾರ ಬೆಳಿಗ್ಗೆ ರಾಯರು ಖಾಲಿ ಟ್ರೇ ಕಟ್ಟಿಕೊಂಡು ಬೆಟ್ಟ ಹತ್ತಲು ಹೊರಟಾಗಲೂ ಮಾತಾಡಲಿಲ್ಲ. ಅವರಿಗೆ ಏನು ಶಿಕ್ಷೆ ಕೊಡಬೇಕೆಂದು ಅವಳು ನಿರ್ಧರಿಸಿಯಾಗಿತ್ತು.

ಎಂಟೂವರೆಗೆ ಮೂರು ಬೆಲ್ಲು ಕೇಳಿಸಿತು. ಇಸ್ತ್ರಿಯಮ್ಮ ಮೇಜಿನ ಮುಂದಿಂದ ಅಲುಗಲಿಲ್ಲ. ಡಾಕ್ಟರರೊಬ್ಬರ ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತಿ ಹಿಡಿದು, ‘ಕಾಯಲಿ, ಇವತ್ತು ಅವರೂ ಸ್ವಲ್ಪ ಕಾಯಲಿ, ಗೊತ್ತಾಗಲಿ’ ಎಂದುಕೊಂಡಳು. ಬಾಣಲೆ ಮೊಳೆಯಲ್ಲೇ ನೇತಾಡುತ್ತಿತ್ತು. ಒಂದು, ಎರಡು, ಮೂರು, ನಾಲ್ಕು, ಐದು ಎಣಿಸುವಷ್ಟು ಹೊತ್ತು ಬೆಟ್ಟ ಸುಮ್ಮನಿತ್ತು.

ಆಮೇಲೆ ನಾಲ್ಕನೇ ಬೆಲ್ಲು ಬಂತು.

ಎಂದಿನಂತೆಯೇ, ಖುಷಿಯಾಗಿ, ‘ನಿನ್ನದೂ ಕೇಳಿಸ್ತು’ ಎನ್ನುವ ಹಾಗೆ. ಇಸ್ತ್ರಿಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಹೊಡೆಯದ ಬಾಣಲೆಗೆ ಉತ್ತರ ಯಾಕೆ ಬಂತು? ತಾನೇ ಮರೆತು ಹೊಡೆದೆನೇ ಎಂದು ತಿರುಗಿ ಮೊಳೆಯ ಕಡೆ ನೋಡಿದಳು. ಆಗ ಬಾರದ ಸೋಪು, ಮೂಲೆಯ ಕೊಡೆ, ಮಗಳ ಬೀರು, ಆ ‘ಆಯ್ತು’ ‘ಆಯ್ತು’ ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಡಾಕ್ಟರರ ಕಾಲರು ಕಂದು ಬಣ್ಣಕ್ಕೆ ತಿರುಗಿತ್ತು.

ರಾಯರು ಸೈಕಲ್ ನಿಲ್ಲಿಸಿ ಒಳಗೆ ಬಂದರು. ಬಂದವರು ಎಂದಿನಂತೆ ಮೊದಲು ಕಿಟಕಿಯ ಕಡೆ ನೋಡಿದರು. ಅದು ಈಚಿನ ತಿಂಗಳುಗಳ ಅಭ್ಯಾಸ. ತಿನ್ನಲು ಏನಿಟ್ಟಿದ್ದಾಳೆಂದು ನೋಡುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಇವತ್ತು ಒಂದು ಬೂಟು ಕಳಚಿ ಕೈಯಲ್ಲಿ ಹಿಡಿದವರು, ಇನ್ನೊಂದನ್ನು ಕಳಚದೆ ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಬಂದು ಅವಳಿಗೆ ಬೆನ್ನು ಮಾಡಿ ಕೂತು ಚಹಾ ಕುಡಿಯತೊಡಗಿದರು.

ಇಸ್ತ್ರಿಯಮ್ಮ ಅವರ ಬಲಗಡೆ, ಒಂದು ಮಾರು ಹಿಂದೆ ನಿಂತು, ಎಂದಿನ ದನಿಯಲ್ಲಿ ಹೇಳಿದಳು: “ರೀ, ಮನೆಗೆ ಬೆಂಕಿ ಬಿದ್ದಿದೆ.”

ರಾಯರು ಚಹಾ ಊದಿ ಕುಡಿದರು.

“ರೀ, ನಾನು ತವರಿಗೆ ಹೊರಟೆ. ಇನ್ನು ಬರಲ್ಲ.”

ರಾಯರು ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಬೂಟು ಹಾಕಿಕೊಂಡು ದೊಡ್ಡ ರಸ್ತೆಗೆ ಹೊರಟರು. ಇಸ್ತ್ರಿಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅಡುಗೆಮೂಲೆಯಲ್ಲಿ ಕುಳಿತುಬಿಟ್ಟಳು. ನಿನ್ನೆಯ ಕೋಪಕ್ಕೆಲ್ಲ ಈಗ ನಾಚಿಕೆಯಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿತ್ತು. ಕತ್ತು ತಿರುಗಿಸಲಾಗದ ಮನುಷ್ಯ, ಕಿವಿಯೂ ಇಲ್ಲದೆ, ಆ ಇಳಿಜಾರಿನಲ್ಲಿ, ಆ ಲಾರಿಗಳ ಮುಂದೆ.

ಆದರೂ ಮನಸ್ಸು ಎಂಬುದು ಸುಲಭಕ್ಕೆ ಸೋಲುವುದಿಲ್ಲ. ಮನೆಯಲ್ಲಿ ನಟಿಸುತ್ತಿರಬಹುದು, ರಸ್ತೆಯಲ್ಲಿ ಕೇಳಿಸುತ್ತಿರಬಹುದು ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ಮಂಗಳವಾರ ಬೆಳಿಗ್ಗೆ ಗಂಡ ಹೊರಟ ಮೇಲೆ ಬಾಗಿಲಿಗೆ ಬೀಗ ಹಾಕಿ, ಮೊಣಕೈ ತಿರುವಿನ ಹತ್ತಿರವಿರುವ ಸಲೂನಿಗೆ ಏದುಸಿರು ಬಿಡುತ್ತಾ ಹತ್ತಿ ಹೋದಳು. ಸಲೂನಿನವನು ಯಾರದೋ ಗಲ್ಲಕ್ಕೆ ನೊರೆ ಬಳಿಯುತ್ತಿದ್ದ.

“ಏನಕ್ಕ, ನೀವು ಇಲ್ಲಿಗೆ?”

“ಸುಮ್ನೆ ಬಂದೆ. ಇವರು ಇಳಿಯೋದು ಇಲ್ಲಿಂದ ಕಾಣುತ್ತಾ?”

“ಕನ್ನಡೀಲಿ ನೋಡಿ. ಇಡೀ ರಸ್ತೆ ಕಾಣುತ್ತೆ. ನಾನು ದಿನಾ ನೋಡ್ತೀನಿ.” ಅವನು ಬ್ರಷ್ ನಿಲ್ಲಿಸಿದ. “ನಿಮಗೆ ಹೇಳಬೇಕು ಅಂತಲೇ ಇದ್ದೆ ಅಕ್ಕ. ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ.”

ಅವಳು ಗೋಡೆಯ ಉದ್ದದ ಕನ್ನಡಿಯ ಮುಂದೆ ನಿಂತಳು. ಅದರಲ್ಲಿ ಬೆಟ್ಟದ ರಸ್ತೆ ಮೇಲಿನಿಂದ ಕೆಳಕ್ಕೆ ಬಿದ್ದ ಬಟ್ಟೆಯ ಹಾಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮೇಲೆ ಒಂದು ಚುಕ್ಕಿ ಮೂಡಿ, ದೊಡ್ಡದಾಗಿ, ಗಂಡನಾಯಿತು. ಬೆನ್ನು ನೆಟ್ಟಗೆ, ಮುಖದಲ್ಲಿ ಅದೇ ಠೀವಿ. ಅವರ ಹಿಂದೆ ಮರಳಿನ ಲಾರಿಯೊಂದು ಬರುತ್ತಿತ್ತು. ಅದು ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಆಮೇಲೆ ಬಿಡದೆ ಹೊಡೆಯಿತು, ಸಲೂನಿನ ಬಾಟಲಿಗಳು ಗಲಗುಟ್ಟಿದವು, ನೊರೆ ಬಳಿಸಿಕೊಂಡ ಗಿರಾಕಿ ಎರಡೂ ಕಿವಿ ಮುಚ್ಚಿಕೊಂಡ. ರಾಯರು ಮಾತ್ರ ರಸ್ತೆಯ ನಡುವೆ, ಒಂದು ಬೆರಳೂ ಸರಿಯದೆ, ಒಬ್ಬರೇ ಇದ್ದವರಂತೆ ಬರುತ್ತಿದ್ದರು. ತಿರುವಿಗೆ ಹತ್ತು ಮಾರು ಇರುವಾಗ ಲಾರಿ ಕಿರುಚುತ್ತಾ ಬಲಕ್ಕೆ ವಾಲಿ, ಅವರ ಮೊಣಕೈಗೆ ಗಾಳಿ ತಾಗುವಷ್ಟು ಹತ್ತಿರದಲ್ಲಿ ದಾಟಿತು. ಆಗ ರಾಯರು ಬೆಚ್ಚಿದ್ದನ್ನು ಅವಳು ಕಂಡಳು. ಟ್ರೇಗಳು ಒಂದು ಸಲ ತೂಗಿದವು. ಎಡಗಾಲು ಉಜ್ಜಿ, ಹೇಗೋ ಸಂಭಾಳಿಸಿ, ತಿರುವು ದಾಟಿ, ಮೂರು ಬೆಲ್ಲು ಹೊಡೆದು, ಸ್ವಲ್ಪ ತಡೆದು, ಬೀಗ ಹಾಕಿದ ಮನೆಗೆ ನಾಲ್ಕನೆಯದನ್ನೂ ಹೊಡೆದರು.

“ವಾರಕ್ಕೆ ಎರಡು ಸಲವಾದ್ರೂ ಹೀಗೆ ಆಗುತ್ತೆ ಅಕ್ಕ,” ಎಂದ ಸಲೂನಿನವನು. ಅವನ ಕೈಯಲ್ಲಿದ್ದ ಬ್ರಷ್ಷಿನ ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಬೆಳಿಗ್ಗೆ ಬೀಗ ಕಂಡು ಚಹಾ ಇಲ್ಲದೆ ಹೋಗಿದ್ದು, ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಎಡಗಡೆ, ಹತ್ತಿರ ಕೂತು, ಇಸ್ತ್ರಿಯಮ್ಮ ಗಟ್ಟಿಯಾಗಿ ಕೇಳಿದಳು: “ಎಷ್ಟು ದಿನದಿಂದ ಕೇಳಿಸ್ತಿಲ್ಲ?”

ರಾಯರು ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದರು.

“ಎಂಟು ತಿಂಗಳಾಯ್ತು. ಬಲಗಿವಿ ಪೂರ್ತಿ ಹೋಯ್ತು. ಎಡಗಿವಿ ಹತ್ತಿರದ ಮಾತಿಗೆ ಬರುತ್ತೆ.”

“ನನ್ನ ಬಾಣಲೆ?”

“ಎಲ್ಲಕ್ಕಿಂತ ಮೊದಲು ಹೋಗಿದ್ದೇ ಅದು.”

“ಮತ್ತೆ ದಿನಾ ಬೆಲ್ಲು ಹೊಡೀತಿದ್ರಲ್ಲ.”

“ಐದರವರೆಗೆ ಎಣಿಸ್ತೀನಿ. ಅಷ್ಟರಲ್ಲಿ ನೀನು ಹೊಡೆದಿರ್ತೀಯ. ಹೊಡೆದೇ ಇರ್ತೀಯ ಅಂತ ನನಗೆ ಗೊತ್ತಲ್ಲ.”

ಸೋಮವಾರ ತಾನು ಹೊಡೆಯದ್ದು ಇಸ್ತ್ರಿಯಮ್ಮನ ಬಾಯಿಯವರೆಗೆ ಬಂತು, ಹೇಳಲಾಗಲಿಲ್ಲ. ಬದಲಿಗೆ ಸೈಕಲ್ ಇಳಿಯಿರಿ, ನಿಲ್ಲಿಸಿ, ಸಾಕು ಎಂದಳು, ಅತ್ತಳು, ಭಾನುವಾರ ಮಗಳು ಕಾದದ್ದನ್ನು ಹೇಳಿದಳು, ಮಗಳನ್ನು ಕರೆಸುತ್ತೇನೆ ಎಂದು ಹೆದರಿಸಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

“ಲಾರಿ ಬಂದ್ರೆ ಹ್ಯಾಂಡಲ್‌ನಲ್ಲೇ ಗೊತ್ತಾಗುತ್ತೆ ಕಣೇ, ಅಂಗೈ ನಡುಗುತ್ತೆ. ಸೈಕಲ್ಲಿಂದ ಇಳಿದರೆ ನಾನು ಯಾರು ಹೇಳು? ಮನೇಲಿ ಕೂತಿರೋ ಕಿವುಡ ಅಷ್ಟೇ. ಏನೂ ಆಗಲ್ಲ. ಎಂಟು ತಿಂಗಳಲ್ಲಿ ಒಂದು ಮೊಟ್ಟೆ ಒಡೆದಿದೆಯಾ?”

“ಏನೂ ಆಗಲ್ವಾ?”

“ಆಗಲ್ಲ.”

“ಆಯ್ತು,” ಎಂದಳು ಇಸ್ತ್ರಿಯಮ್ಮ. ಈ ಸಲ ಆಯ್ತು ಎನ್ನುವ ಸರದಿ ಅವಳದು. ಅವರಿಗೆ ಅದು ಸರಿಕಾಣಲಿಲ್ಲ, ಊಟ ಮುಗಿಯುವವರೆಗೂ ಅನುಮಾನದಿಂದ ನೋಡುತ್ತಲೇ ಇದ್ದರು.

ಬುಧವಾರ ಬೆಳಿಗ್ಗೆ ರಾಯರು ಫಾರಂನ ಗೇಟಿನ ಮುಂದೆ ಹನ್ನೆರಡನೇ ಟ್ರೇಗೆ ರಬ್ಬರ್ ಬಿಗಿಯುತ್ತಿದ್ದಾಗ ಮೊದಲ ಬಸ್ಸಿನಿಂದ ಹೆಂಡತಿ ಇಳಿದಳು. ಕೈಯಲ್ಲಿ ಮಡಿಸಿದ ಗೋಣಿಚೀಲ. ನೇರ ಅವರ ಎಡಗಡೆಗೆ ಬಂದು ನಿಂತಳು.

“ಮೊಟ್ಟೆ ಇಳಿಸಿ.”

“ಯಾಕೆ?”

“ಇವತ್ತು ನಾನು ಕೂತ್ಕೋತೀನಿ. ಮೂವತ್ತೊಂದು ವರ್ಷದಲ್ಲಿ ಒಂದು ದಿನ ಈ ಕ್ಯಾರಿಯರ್ ಮೇಲೆ ಕೂರಿಸಿದ್ದೀರಾ? ಯಾವಾಗಲೂ ಮೊಟ್ಟೆ. ನನ್ನನ್ನ ಕೆಳಗೆ ಬಿಟ್ಟು ಬಂದು ಆಮೇಲೆ ಅದನ್ನ ತಗೊಂಡು ಹೋಗಿ.”

ಫಾರಂನ ಕೆಲಸದವರು ಮೊಟ್ಟೆ ಎಣಿಸುವುದನ್ನು ಬಿಟ್ಟು ನೋಡುತ್ತಿದ್ದರು. ಎಲ್ಲರ ಮುಂದೆ ಆಗಲ್ಲ ಎಂದರೆ ಮರ್ಯಾದೆ ಹೋಗುತ್ತದೆ. ರಾಯರು ನಕ್ಕರು, ಟ್ರೇ ಇಳಿಸಿದರು. ಅವಳು ಕ್ಯಾರಿಯರ್ ಮೇಲೆ ಗೋಣಿ ಹಾಸಿ, ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು, ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಇವರು ಹಟಕ್ಕೆ ಬಿದ್ದು ನಿಜವಾಗಿಯೂ ಹೊರಟೇಬಿಟ್ಟರೆ? ಹೊರಟರೆ ಹೊರಡಲಿ, ಬಿದ್ದರೆ ಇಬ್ಬರೂ ಒಟ್ಟಿಗೆ ಬೀಳೋಣ ಎಂದು ಹಲ್ಲು ಕಚ್ಚಿ ಕೂತಳು.

ರಾಯರು ಗೇಟು ದಾಟಿ, ರಸ್ತೆ ಬಗ್ಗುವ ಜಾಗಕ್ಕೆ ತಂದು ನಿಲ್ಲಿಸಿದರು. ಕೆಳಗೆ ಇಳಿಜಾರು ಬಾಯಿ ತೆರೆದುಕೊಂಡಿತ್ತು. ಒಂದು ಕಾಲು ಪೆಡಲಿನ ಮೇಲಿಟ್ಟರು, ತೆಗೆದರು. “ಸರಿಯಾಗಿ ಕೂತ್ಕೋ,” ಎಂದರು. ಅವಳು ಸರಿಯಾಗಿಯೇ ಕೂತಿದ್ದಳು. ಮತ್ತೆ ಇಟ್ಟರು. ಬ್ರೇಕನ್ನು ಎರಡು ಸಲ ಒತ್ತಿ ನೋಡಿದರು. ಚಕ್ರ ಅರ್ಧ ಸುತ್ತು ತಿರುಗಿತು, ಗಟ್ಟಿಯಾಗಿ ಬ್ರೇಕು ಹಿಡಿದರು. ಅವರ ಬೆನ್ನು ಬೆವರಿ ಅಂಗಿ ಅವಳ ಬೆರಳಿಗೆ ಅಂಟಿಕೊಳ್ಳುತ್ತಿತ್ತು.

“ಹಿಂದೆ ಏನಾದ್ರೂ ಬರ್ತಿದೆಯಾ ನೋಡು,” ಎಂದರು.

ಇಸ್ತ್ರಿಯಮ್ಮ ಅವರ ಎಡಗಿವಿಗೆ ಬಾಯಿ ಹತ್ತಿರ ತಂದಳು. “ದಿನಾ ಯಾರನ್ನ ಕೇಳ್ತೀರಿ?”

ರಾಯರು ಇಳಿಜಾರಿನ ಕಡೆ ನೋಡಿದರು. ಹ್ಯಾಂಡಲ್ ಮೇಲಿನ ಅವರ ಎರಡೂ ಕೈ ನಡುಗುತ್ತಿದ್ದವು, ಹಿಂದೆ ಯಾವ ಲಾರಿಯೂ ಇರಲಿಲ್ಲ. ಕೊನೆಗೆ ಎರಡೂ ಕಾಲನ್ನು ನೆಲಕ್ಕೆ ಊರಿದರು.

“ಇಳಿ.”

“ಯಾಕೆ? ಏನೂ ಆಗಲ್ಲ ಅಂದ್ರಲ್ಲ.”

“ನಿನ್ನ ಕೂರಿಸ್ಕೊಂಡು ನನಗೆ ಧೈರ್ಯ ಇಲ್ಲ ಕಣೇ,” ಎಂದರು ರಾಯರು. “ಇಳಿ. ನಡೆದು ಹೋಗೋಣ.”

ಗೇಟಿಗೆ ವಾಪಸು ಬಂದು ಮತ್ತೆ ಟ್ರೇ ಕಟ್ಟಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಮೊಟ್ಟೆರಾಯರು ಸೈಕಲ್ಲನ್ನು ತಳ್ಳಿಕೊಂಡು ಬೆಟ್ಟ ಇಳಿದರು. ಹೆಂಡತಿ ಬಲಗಡೆ, ವಾಹನಗಳ ಕಡೆಗೆ ನಡೆಯುತ್ತಿದ್ದಳು. ಹಿಂದಿನಿಂದ ಏನಾದರೂ ಬಂದರೆ ಅವರ ತೋಳು ಮುಟ್ಟುತ್ತಿದ್ದಳು, ಅವರು ಸರಿಯುತ್ತಿದ್ದರು. ನಾಲ್ಕು ನಿಮಿಷದ ದಾರಿ ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ದಾರಿಯುದ್ದಕ್ಕೂ ರಾಯರು ಗೊಣಗಿದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, ನಡೆದರೆ ಬೂಟಾದರೂ ಎರಡೂ ಸಮನಾಗಿ ಸವೆಯುತ್ತವೆ ಎಂದರು.

“ನಾಳೆ?” ಎಂದು ಅವಳು ಸುತ್ತಿಬಂದು ಎಡಗಡೆಯಿಂದ ಕೇಳಿದಳು.

“ನಾಳೆನೂ ತಳ್ಳಿಕೊಂಡೇ. ದೊಡ್ಡ ರಸ್ತೇಲೂ ತಳ್ಳಿಕೊಂಡೇ ಹೋಗ್ತೀನಿ. ತಡ ಆಯ್ತು ಅಂತ ಬೇಕರಿಯವನು ಬೈದ್ರೆ ಬೈಲಿ, ಹೇಗಿದ್ರೂ ನನಗೆ ಕೇಳಿಸಲ್ಲ.”

“ಶನಿವಾರ ಕಿವಿ ಡಾಕ್ಟರ ಹತ್ತಿರ ಹೋಗೋಣ.”

“ಆಯ್ತು.”

“ಏನು ಆಯ್ತು? ನಾನು ಏನಂದೆ ಹೇಳಿ ನೋಡೋಣ.”

“ಶನಿವಾರ, ಕಿವಿ ಡಾಕ್ಟರು,” ಎಂದು ರಾಯರು ಪಾಠ ಒಪ್ಪಿಸಿದರು. “ಆಮೇಲೆ ಮಗಳ ಮನೆಗೂ ಹೋಗೋಣ. ನನ್ನ ಮೇಲೆ ಕೋಪ ಮಾಡ್ಕೊಂಡಿರ್ತಾಳೆ.”

ಸಲೂನಿನವನು ಬಾಗಿಲಿಗೆ ಬಂದು ನಿಂತಿದ್ದ. ತಲೆಯಾಡಿಸಿ ಒಳಗೆ ಹೋದ. ಮೊಣಕೈ ತಿರುವು ದಾಟಿದಾಗ ಕೆಳಗೆ ಮನೆ ಕಾಣಿಸಿತು, ಬಾಗಿಲಿಗೆ ಬೀಗ, ಕಿಟಕಿ ಮುಚ್ಚಿತ್ತು. ರಾಯರ ಹೆಬ್ಬೆರಳು ತಾನಾಗಿ ಬೆಲ್ಲಿನ ಮೇಲೆ ಹೋಯಿತು. ಟ್ರಿಣ್, ಟ್ರಿಣ್, ಟ್ರಿಣ್. ಹೊಡೆದ ಮೇಲೆ ನಾಚಿಕೊಂಡು ನಕ್ಕರು. “ಮನೇಲಿ ಯಾರಿದ್ದಾರೆ ಅಂತ ಹೊಡೆದೆನೋ.”

ಇಸ್ತ್ರಿಯಮ್ಮ ನಿಂತಳು. ಇನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

“ಸೋಮವಾರ ನಾನು ಬಾಣಲೆ ಹೊಡೆದಿರಲಿಲ್ಲ ರೀ. ಕೋಪಕ್ಕೆ.”

“ಗೊತ್ತು,” ಎಂದರು ರಾಯರು.

“ಹೇಗೆ ಗೊತ್ತು? ನಿಮಗೆ ಕೇಳಿಸಲ್ವಲ್ಲ.”

“ಒಳಗೆ ಬಂದ ತಕ್ಷಣ ಕಿಟಕಿಕಟ್ಟೆ ನೋಡ್ತೀನಿ ದಿನಾ. ಬಾಣಲೆ ಅಲ್ಲಿದ್ರೆ ನೀನು ಹೊಡೆದಿದ್ದೀಯ. ಎಂಟು ತಿಂಗಳು ಒಂದು ದಿನ ತಪ್ಪಿರಲಿಲ್ಲ. ಅವತ್ತು ಮೊಳೆಯಲ್ಲೇ ಇತ್ತು.”

“ಮತ್ತೆ ಯಾಕೆ ಹೊಡೀಲಿಲ್ಲ ಅಂತ ಕೇಳಲಿಲ್ಲವಲ್ಲ?”

“ಏನಂತ ಕೇಳಲಿ? ನೀನು ಹೊಡೆಯದೇ ಇದ್ರೂ ನಾನು ಉತ್ತರ ಕೊಟ್ಟಾಗಿತ್ತಲ್ಲ.”

ಅವಳಿಗೆ ಅಳು ಬಂತು, ಅದರೊಳಗೇ ನಗುವೂ ಬಂತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮನೆಯ ಬೀಗದ ಕೈಯನ್ನು ತೆಗೆದಳು. ಅವರ ಎರಡೂ ಕೈಗಳ ನಡುವೆ, ಹ್ಯಾಂಡಲ್ಲಿನ ಕಬ್ಬಿಣದ ಮೇಲೆ, ಬೀಗದ ಕೈಯಿಂದ ಗಟ್ಟಿಯಾಗಿ ಎರಡು ಸಲ ಹೊಡೆದಳು.

ರಾಯರು ಝುಮ್ಮೆಂದ ತಮ್ಮ ಅಂಗೈಗಳನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಐದರವರೆಗೆ ಎಣಿಸದೆ ನಾಲ್ಕನೇ ಬೆಲ್ಲು ಹೊಡೆದರು.